ಗಟ್ಟಿಯಾಗಿ ಓದಬೇಕಾದ ಪಾಠ

ನಮ್ಮದು ಒಂದೇ ಕೋಣೆಯ ಮನೆ. ನನ್ನ ಮಗ ರಾತ್ರಿಯೆಲ್ಲ ಕಾರ್ಖಾನೆ ಕಾಯುತ್ತಾನೆ, ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಾನೆ. ಮಧ್ಯಾಹ್ನ ಬಂದು ಗೋಡೆ ಕಡೆ ತಿರುಗಿ ಮಲಗಿದರೆ ಏಳುವುದು ಕತ್ತಲಾದ ಮೇಲೆಯೇ. ಆ ಹೊತ್ತಿನಲ್ಲಿ ಯಾರಾದರೂ ಒಂದು ಲೋಟ ಬೀಳಿಸಿದರೂ ನನಗೆ ಕೋಪ ನೆತ್ತಿಗೇರುತ್ತದೆ. ಹಾಗಾಗಿ ನಮ್ಮ ಇಲಿಮರಿ, ಅಂದರೆ ನನ್ನ ಮೊಮ್ಮಗಳು, ಮಾತಿಗಿಂತ ಮೊದಲು ಪಿಸುಗುಟ್ಟುವುದನ್ನೇ ಕಲಿತಳು. ಶಾಲೆಯಿಂದ ಬಂದವಳೇ ಅಪ್ಪನ ಕಾಲ ಬಳಿ ಕೂತು, ತುಟಿಯಷ್ಟೇ ಆಡಿಸುತ್ತಾ ಪುಸ್ತಕ ಮುಗಿಸುತ್ತಾಳೆ.

ಒಂದು ದಿನ ಟೀಚರ್ ಹೇಳಿಕಳಿಸಿದರು. ಹುಡುಗಿ ತರಗತಿಯಲ್ಲಿ ಬಾಯೇ ಬಿಡುವುದಿಲ್ಲವಂತೆ, ಓದಲು ಬರುತ್ತದೋ ಇಲ್ಲವೋ ಎಂದು ಅವರಿಗೆ ಅನುಮಾನವಂತೆ. ಶನಿವಾರ ಕೊನೆಯ ಸಲ ಗಟ್ಟಿಯಾಗಿ ಓದಿಸುತ್ತಾರೆ. ಆಗದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ನನಗೆ ಮೈಯೆಲ್ಲ ಉರಿಯಿತು. ಬೀದಿಯ ಕೊನೆಯ ಡಾಕ್ಟರ ಮಗನಿಗೆ ಓದಲೆಂದೇ ಬೇರೆ ಕೋಣೆಯಿದೆ, ಅದಕ್ಕೊಂದು ಬಾಗಿಲಿದೆ. ಅವನು ತಪ್ಪುತಪ್ಪಾಗಿ ಕಿರುಚಿದರೂ ಜಾಣ.

ಮಗನಿಗೆ ಹೇಳಿದೆ.

"ನಾನೂ ಬರ್ತೀನಮ್ಮ. ಎದುರಿಗೆ ಕೂತಿದ್ರೆ ಅವಳಿಗೆ ಧೈರ್ಯ ಬರುತ್ತೆ," ಎಂದ.

ಶನಿವಾರ ಮೂಟೆ ಕೆಲಸ ಬಿಟ್ಟು, ಡ್ಯೂಟಿಯ ಬಟ್ಟೆಯಲ್ಲೇ ಬಂದು, ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತ. ಮಗಳ ಸರದಿ ಬರುವಷ್ಟರಲ್ಲಿ ಮಹಾರಾಯ ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ಇಲಿಮರಿ ಎದ್ದು ಮುಂದೆ ಹೋಗಿ ನಮ್ಮ ಕಡೆ ತಿರುಗಿ ನಿಂತಳು. ಮೊದಲ ಸಾಲನ್ನು ಗಟ್ಟಿಯಾಗಿಯೇ ಓದಿದಳು. ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಅವಳ ಕಣ್ಣು ಅಪ್ಪನ ಮೇಲೆ ಬಿತ್ತು. ದನಿ ಅಲ್ಲೇ ಇಳಿಯಿತು, ತುಟಿ ಮಾತ್ರ ಆಡುತ್ತಿತ್ತು. ಮಗನನ್ನು ತಿವಿಯಲು ನಾನು ಮೊಣಕೈ ಎತ್ತಿದೆ. ಹುಡುಗಿ ಗಾಬರಿಯಿಂದ ತಲೆ ಅಲ್ಲಾಡಿಸಿ ಬೇಡ ಎಂದಳು.

ಟೀಚರ್ ಅದನ್ನು ಕಂಡರು. ಅವಳನ್ನು ನೋಡಿದರು, ಬಾಯಿ ತೆರೆದು ಮಲಗಿದ್ದ ನನ್ನ ಮಗನನ್ನು ನೋಡಿದರು. ಯಾವಾಗಲೂ ಹೀಗೇನಾ ಎಂದು ನನ್ನನ್ನು ಕೇಳಿದರು.

"ಅವನು ಮಲಗಿದ್ದಾಗ ನಮ್ಮನೇಲಿ ಯಾರೂ ದನಿ ಎತ್ತಲ್ಲ ಟೀಚರ್," ಎಂದೆ.

ಅವರು ಚಪ್ಪಲಿ ಸದ್ದಾಗದಂತೆ ಅವಳ ಬಳಿ ಹೋಗಿ, ಮಂಡಿಯೂರಿ, ಅವಳ ಬಾಯಿಯ ಹತ್ತಿರ ಕಿವಿ ಇಟ್ಟರು. ಅವಳು ಪಾಠವನ್ನು ಕೊನೆಯವರೆಗೂ ಓದಿದಳು. ತರಗತಿಯಲ್ಲಿ ಒಂದು ಮಗುವೂ ಮಿಸುಕಲಿಲ್ಲ.

"ಒಂದು ತಪ್ಪೂ ಇಲ್ಲ. ಮುಂದಿನ ಕ್ಲಾಸಿಗೆ ಹೋಗ್ತಾಳೆ," ಎಂದು ಟೀಚರ್ ನನ್ನ ಬಳಿ ಬಂದು ಪಿಸುಗುಟ್ಟಿದರು.

ನಾನು ಬಾಯಿಗೆ ಕೈ ಒತ್ತಿಕೊಂಡು ಅತ್ತುಬಿಟ್ಟೆ, ಅದೂ ಸದ್ದಿಲ್ಲದೆ.