ಪಡಸಾಲೆಯ ಗಚ್ಚು

ಮನೆಯ ಸಾಮಾನು ಕೊಳ್ಳುವುದರಲ್ಲಿ ನನಗೆ ಟೋಪಿ ಹಾಕುವ ಗಂಡಸು ಸುರಪುರದ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಇದು ನನ್ನ ಜಂಬವಲ್ಲ, ಪೇಟೆಯವರೇ ಆಡುವ ಮಾತು. ಯಾರ ಮನೆಗೆ ತೊಲೆ ಏರಿಸಬೇಕಾದರೂ, ನೆಲಕ್ಕೆ ಫರಸಿಕಲ್ಲು ಹಾಸಬೇಕಾದರೂ, ಕೊಳ್ಳುವ ದಿನ "ಮಲಕಮ್ಮನ್ನ ಕರಕೊಂಡು ಹೋಗ್ರಿ" ಅನ್ನುತ್ತಿದ್ದರು. ನಾನು ತೊಲೆಯ ಒಂದು ತುದಿಗೆ ಕಿವಿಯಿಟ್ಟು ಇನ್ನೊಂದು ತುದಿಗೆ ಬಡಿಯಲು ಹೇಳುತ್ತಿದ್ದೆ. ಒಳಗೆ ಹುಳ ತಿಂದಿದ್ದರೆ ಸದ್ದು ಸತ್ತು ಬರುತ್ತದೆ. ಫರಸಿಯ ಮೇಲೆ ನೀರು ಸುರಿದು ಕೂರುತ್ತಿದ್ದೆ. ಬೇಗ ನೀರು ಕುಡಿಯುವ ಕಲ್ಲು ಎರಡು ಮಳೆಗಾಲಕ್ಕೇ ಎಲೆ ಎಲೆಯಾಗಿ ಏಳುತ್ತದೆ. ಅಂಗಡಿಯವರು ನನ್ನನ್ನು ಕಂಡರೆ ಮೋರೆ ಗಂಟು ಹಾಕುತ್ತಿದ್ದರು. ಹಾಕಿಕೊಳ್ಳಲಿ, ನನಗೇನು? ಅನುಮಾನ ಮಾಡದೆ ಮನೆಗೆ ಒಂದು ಮೊಳೆಯನ್ನೂ ತರಬಾರದು ಎಂದು ನಾನು ತಿಳಿದವಳು.

ಈಗ ಹೇಳುತ್ತಿರುವುದು ಪೋಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೂರನೆಯ ವರ್ಷದ ಸಂಗತಿ. ಜಹಗೀರುಗಳು ಹೋಗಿದ್ದವು. ಅದುವರೆಗೆ ಹೊರಗೋಡೆ ಮಾತ್ರ ಕಾಣುತ್ತಿದ್ದ ಜಹಗೀರದಾರರ ದೊಡ್ಡ ವಾಡೆಗಳ ಬಾಗಿಲು ತೆರೆದು, ಒಂದರಲ್ಲಿ ಶಾಲೆ ಬಂತು, ಇನ್ನೊಂದರಲ್ಲಿ ಕಚೇರಿ ಬಂತು. ಜನ ಅರ್ಜಿ ಕೊಡುವ ನೆಪದಲ್ಲಿ ಒಳಗೆ ಹೋಗಿ, ಗೋಡೆ ಸವರಿ, ಕಮಾನು ನೋಡಿ ಬಂದರು. ಬಂದವರಿಗೆಲ್ಲ ತಮ್ಮ ಮನೆಯ ಮಣ್ಣಿನ ಗೋಡೆ ಕಂಡರೆ ಬೇಸರ. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಎಲ್ಲೆಲ್ಲೂ ಬಣ್ಣದ ಗಾಜಿನ ಕಿಟಕಿ, ಕಮಾನಿನ ಗೂಡು, ಹೊಳೆಯುವ ಸುಣ್ಣದ ಗಚ್ಚಿನ ಗೋಡೆ ಇವುಗಳದೇ ಹುಚ್ಚು. ನಮ್ಮ ಅರಿವೆ ಅಂಗಡಿಯ ಮಾಲು ತರಲು ಯಾದಗಿರಿಗೆ ಹೋಗಿದ್ದ ನಮ್ಮನೆಯವರು ಅಲ್ಲಿಯ ಒಬ್ಬ ಸಾಹುಕಾರನ ಪಡಸಾಲೆ ನೋಡಿ ಬಂದರು. ಊಟಕ್ಕೆ ಕೂತವರು ರೊಟ್ಟಿ ಮುರಿಯಲೇ ಇಲ್ಲ.

"ಗ್ವಾಡ್ಯಾಗ ನನ್ನ ರುಮಾಲ ಕಾಣ್ತಿತ್ತು ನೋಡು. ಸುತ್ತಿದ ಸುತ್ತು ಸೈತ ಎಣಸಬಹುದಿತ್ತು."

"ರುಮಾಲ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಅದ ಅಲ್ರಿ," ಎಂದೆ.

ಅಂದೆನೇ ಹೊರತು ನನಗೂ ಆಸೆ ಇತ್ತು. ವಾಡೆಯ ಗೋಡೆಯನ್ನು ನಾನೂ ಸವರಿ ಬಂದಿದ್ದೆ.

ವಾಡೆಯ ಗಚ್ಚು ಮಾಡಿದ ಗೌಂಡಿ ಸುಲ್ತಾನಸಾಬ ರಂಗಂಪೇಟೆಯಲ್ಲೇ ಇದ್ದ. ಅರವತ್ತು ದಾಟಿದವನು, ಮಾತು ಕಡಿಮೆ. ಅವನ ಹೆಂಡತಿ ಇಮಾಮಬೀ ಸುಣ್ಣ ಅರೆದು ಕೊಡುತ್ತಿದ್ದಳು. ಕೆಲಸವನ್ನು ಗುತ್ತಿಗೆ ಕೊಟ್ಟೆವು; ಸಾಮಾನು ಮಾತ್ರ ನಾನೇ ತರುತ್ತೇನೆಂದೆ. ಶಹಾಪುರದ ಭಟ್ಟಿಗೆ ಹೋಗಿ ಸುಣ್ಣದ ಹರಳನ್ನು ಒಂದೊಂದಾಗಿ ನೀರಿಗೆ ಹಾಕಿಸಿದೆ. ಬಿದ್ದ ಕೂಡಲೇ ಬುಸುಗುಟ್ಟಿ ಒಡೆದರೆ ಅದು ಹೊಸ ಸುಣ್ಣ, ಸುಮ್ಮನೆ ಕೂತರೆ ಹಳೆಯ ದಾಸ್ತಾನು. ಮರಳನ್ನು ಬಿಳಿ ಅರಿವೆಯಲ್ಲಿ ಹಿಂಡಿ ನೋಡಿದೆ. ಅರಿವೆಗೆ ಕೆಂಪು ಹತ್ತಿದರೆ ಅದರಲ್ಲಿ ಮಣ್ಣಿದೆ ಎಂದರ್ಥ, ಅಂಥ ಮರಳಿನ ಗಚ್ಚು ಬಿರುಕು ಬಿಡುತ್ತದೆ. ಇಷ್ಟೆಲ್ಲ ಮುಗಿಸಿ ಮನೆಗೆ ಬಂದರೆ ಪಕ್ಕದ ಮನೆಯ ಬಸ್ಸಮ್ಮ ಕಟ್ಟೆಯ ಮೇಲೆ ಕಾದು ಕೂತಿದ್ದಳು.

"ಎಲ್ಲಾ ನೋಡಿ ತಂದಿಯವ್ವ, ಆದ್ರ ಆ ಹೊಳಪು ಎಲ್ಲಿಂದ ಬರ್ತದ ಕೇಳಿಯೇನು? ಕೋಳಿ ತತ್ತಿ! ವಾಡೇದಾಗ ಬುಟ್ಟಿಗಟ್ಟಲೆ ತತ್ತಿ ಒಡದು, ಅದರ ಲೋಳಿ ಸುಣ್ಣದಾಗ ಕಲಸ್ಯಾರ."

ನಾವು ಲಿಂಗ ಕಟ್ಟಿದವರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರುವುದು ಅದೇ ಪಡಸಾಲೆಯಲ್ಲಿ. ಜಂಗಮರು ಬಂದರೆ ಪಾದ ತೊಳೆದು ಪ್ರಸಾದಕ್ಕೆ ಕೂರಿಸುವುದೂ ಅಲ್ಲೇ. ಸುತ್ತಲೂ ತತ್ತಿಯ ಗೋಡೆ ಕಟ್ಟಿಕೊಂಡು ಯಾವ ಬಾಯಿಂದ ಮಂತ್ರ ಹೇಳುವುದು? ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸುಣ್ಣ ನೆನೆಹಾಕುತ್ತಿದ್ದ ಸುಲ್ತಾನಸಾಬನನ್ನು ನೇರವಾಗಿಯೇ ಕೇಳಿದೆ.

"ವಾಡೇದ ಗ್ವಾಡಿಗೆ ತತ್ತಿ ಹಾಕಿದ್ದಿ ಅಂತಲ್ಲೊ. ಖರೇ ಏನು?"

"ಖರೇರಿ ಅಕ್ಕಾರ. ಅಲ್ಲಿ ಹಾಕೀನಿ," ಎಂದ. "ತತ್ತಿ ಹಾಕಿದ್ರ ಎರಡು ದಿನಕ್ಕ ಹೊಳಪು ಬರ್ತದ. ಹಾಕಲಿಲ್ಲಂದ್ರ ಎಂಟು ದಿನ ಕಲ್ಲು ಹಿಡದು ತಿಕ್ಕಬೇಕು, ರಟ್ಟಿ ಬಿದ್ದು ಹೋಗತಾವ. ನಿಮ್ಮ ಮನ್ಯಾಗ ಹಾಕಂಗಿಲ್ರಿ. ಬೆಲ್ಲದ ನೀರು, ಬಿಲ್ವಪತ್ರಿ ಕಾಯಿ ಲೋಳಿ, ನೆನಸಿದ ಉದ್ದು, ಇಷ್ಟ. ಮಾತು ಕೊಟ್ಟೇನಿ."

ಅವನು ಇಲ್ಲವೆಂದಿದ್ದರೆ ಸುಳ್ಳೆಂದು ತಿಳಿಯುತ್ತಿದ್ದೆ. ಹೌದೆಂದದ್ದರಿಂದ ನನ್ನ ಅನುಮಾನ ಇನ್ನೂ ಬಲಿಯಿತು. ಎರಡು ದಿನದ ದಾರಿ ಗೊತ್ತಿರುವವನು, ಅದೂ ಗುತ್ತಿಗೆ ಹಿಡಿದವನು, ಎಂಟು ದಿನ ಯಾಕೆ ರಟ್ಟೆ ಮುರಿದುಕೊಳ್ಳುತ್ತಾನೆ? ಇನ್ನೂ ಒಂದು ಮಾತಿದೆ, ಮುಚ್ಚಿಡುವುದಿಲ್ಲ. ರಜಾಕಾರರ ಗದ್ದಲ, ಆಮೇಲೆ ಮುಸಲ್ಮಾನರ ಮೇಲೆ ಅದರ ಸೇಡಿನ ಗದ್ದಲ, ಎರಡನ್ನೂ ಕಂಡ ಊರು ನಮ್ಮದು. ಮೊದಲು ಗೌಂಡಿ ಮನೆಗೆ ಬಂದರೆ ಅವನ ಕೈಕೆಲಸ ನೋಡುತ್ತಿದ್ದೆವು. ಆ ವರ್ಷಗಳಲ್ಲಿ ಅವನು ಯಾರವನು ಎಂದು ನೋಡುತ್ತಿದ್ದೆವು. ಅವರೂ ನಮ್ಮನ್ನು ಹಾಗೇ ನೋಡುತ್ತಿದ್ದರು.

ಅಂದಿನಿಂದ ನಾನು ಕಾವಲಿಗೆ ಕೂತೆ. ಸುಣ್ಣದ ತೊಟ್ಟಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಬೇಳೆ ಹಸನು ಮಾಡುವುದು, ತೊಗರಿ ಕೇರುವುದು. ಹೊಸ ಬುಟ್ಟಿ ಒಳಗೆ ಹೋಗುವ ಮುಂಚೆ ಬಗ್ಗಿ ಮೂಸುವುದು. ಜಳಕಕ್ಕೆ ಎದ್ದು ಹೋಗುವಾಗ ತೊಟ್ಟಿಯ ಮುಚ್ಚಳದ ಸುತ್ತ ಹಿಟ್ಟಿನ ಗೆರೆ ಎಳೆದು ಹೋಗುತ್ತಿದ್ದೆ; ಬಂದು ನೋಡಿದರೆ ಗೆರೆ ಹಾಗೇ ಇರುತ್ತಿತ್ತು. ಒಂದು ದಿನ ಇಮಾಮಬೀ ನೀರಿಗೆ ಹೋದಾಗ ಅವಳ ಬುತ್ತಿಯ ಗಂಟನ್ನೂ ಬಿಚ್ಚಿದೆ. ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಗಂಟು ಮೊದಲಿನಂತೆಯೇ ಕಟ್ಟಿಟ್ಟೆ. ಅವಳು ಬಂದು ಗಂಟು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅರೆಯಲು ಕೂತಳು. ನನಗೆ ಸ್ವಲ್ಪ ನಾಚಿಕೆಯಾಯಿತು, ಆದರೆ ಕಾವಲು ಬಿಡುವಷ್ಟಲ್ಲ.

ಮೊದಲ ಗೋಡೆ ಮುಗಿಯಿತು. ಸುಲ್ತಾನಸಾಬ ಬಳಪದ ಪುಡಿ ಸವರಿ, ಅಂಗೈಯಗಲದ ನುಣುಪುಗಲ್ಲಿನಿಂದ ಎಂಟು ದಿನ ತಿಕ್ಕಿದ. ಗಚ್ಚು ಸರಿಯಿದೆಯೋ ಇಲ್ಲವೋ ನೋಡಬೇಕಾದರೆ ಎದುರಿಗೆ ನಿಲ್ಲಬಾರದು. ಕಿಟಕಿಯ ಬೆಳಕು ಬರುವ ಕಡೆ ಕೆನ್ನೆಯನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ನೋಡಬೇಕು, ಉಬ್ಬು ತಗ್ಗು ಎಲ್ಲ ಕಾಣುತ್ತದೆ. ನೋಡಿದೆ. ಒಂದು ಉಬ್ಬಿಲ್ಲ. ವಾಡೆಯ ಗೋಡೆಗಿಂತ ಚೆನ್ನಾಗಿತ್ತು. ಬೇರೆ ಯಾರಾದರೂ ಸಂತೋಷಪಡುತ್ತಿದ್ದರು. ನನಗೆ ಮಾತ್ರ, ತತ್ತಿ ಇಲ್ಲದೆ ಇಷ್ಟು ಹೊಳಪು ಹೇಗೆ ಬಂತು ಎಂಬ ಚಿಂತೆ. ಎರಡನೆಯ ಗೋಡೆ ಇನ್ನೂ ಹೊಳೆಯಿತು. ಮೂರನೆಯದು ಮುಗಿದ ದಿನ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಸ ಚೆಲ್ಲಲು ಹಿತ್ತಲಿಗೆ ಹೋದರೆ, ನಾಯಿ ಕೆದರಿದ ತಿಪ್ಪೆಯಲ್ಲಿ ತತ್ತಿಯ ಸಿಪ್ಪೆ. ಒಂದಲ್ಲ, ಎರಡಲ್ಲ. ಸೆರಗಿನ ತುದಿಯಲ್ಲಿ ಅವನ್ನು ಹಿಡಿದುಕೊಂಡು ಪಡಸಾಲೆಗೆ ಬಂದೆ. ಸುಲ್ತಾನಸಾಬ ನಾಲ್ಕನೆಯ ಗೋಡೆಗೆ ನೀರು ಚಿಮುಕಿಸುತ್ತಿದ್ದ. ನಮ್ಮನೆಯವರು ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತಿದ್ದರು.

"ಇವು ಏನೊ?"

ಅವನು ಸಿಪ್ಪೆ ನೋಡಿದ. ಒಂದು ಕ್ಷಣ ಬಾಗಿಲ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ನಾ ಹಾಕಿಲ್ರಿ ಅಕ್ಕಾರ."

"ಹಂಗಾದ್ರ ನಮ್ಮ ತಿಪ್ಪ್ಯಾಗ ಯಾರು ಹಾಕ್ಯಾರ? ನಾನೇನು?"

ಅವನು ಗೋಡೆಯ ಕಡೆ ತಿರುಗಿ ಮತ್ತೆ ನೀರು ಚಿಮುಕಿಸತೊಡಗಿದ. ಕಳ್ಳ ಮುಖ ತಪ್ಪಿಸುವುದು ಹೀಗೇ ಎಂದುಕೊಂಡೆ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿಮ್ಮವರ ಮಾತು ನಂಬಿದ್ದ ನನ್ನ ತಪ್ಪು" ಎಂದೂ ಅಂದೆ. ಆ ಮಾತಿಗೆ ಇಮಾಮಬೀ ಅರೆಯುವ ಗುಂಡು ಕೆಳಗಿಟ್ಟು ಎದ್ದಳು. ಇಬ್ಬರೂ ಸಾಮಾನು ಕಟ್ಟಿಕೊಂಡು ಹೊರಟರು. ನಾನು ಅವರ ಹಿಂದೆಯೇ ಕಟ್ಟೆಗೆ ಬಂದು, ಅವನು ಗೋಡೆಗೆ ತತ್ತಿ ಹಾಕಿದ್ದಾನೆಂದು ಓಣಿಯೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದೆ. ಬಸ್ಸಮ್ಮ ಉಳಿದ ಓಣಿಗಳಿಗೆ ಮುಟ್ಟಿಸಿದಳು. ಸಂಜೆಯ ಹೊತ್ತಿಗೆ ನಮ್ಮ ಮಠದ ಹೊಸ ಕೋಣೆಗಳ ಗಚ್ಚಿಗೆ ಸುಲ್ತಾನಸಾಬನನ್ನು ಗೊತ್ತುಮಾಡಿದ್ದ ಕಾರಭಾರಿ ಬಸವಂತರಾಯರು ಅವನಿಗೆ ಬರಬೇಡವೆಂದು ಹೇಳಿ ಕಳಿಸಿದರು. ಅದು ಅವನಿಗೆ ಇಡೀ ವರ್ಷದ ಕೆಲಸ.

ಮೂರನೆಯ ದಿನ ಗಚ್ಚು ಕೆಡವಲು ಇಬ್ಬರು ಆಳುಗಳನ್ನು ಕರೆಸಿದೆ. ಮೊದಲ ಗೋಡೆಗೆ ಹಾರೆ ಬೀಳುವ ಹೊತ್ತಿಗೆ ನಮ್ಮನೆಯವರು ಅಂಗಡಿಯಿಂದ ಓಡಿ ಬಂದರು.

"ಒಡೀಬ್ಯಾಡ್ರೊ!" ಎಂದು ಆಳುಗಳನ್ನು ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ನನ್ನ ಮುಂದೆ ತಲೆ ತಗ್ಗಿಸಿ ನಿಂತರು. "ಅದರಾಗ ತತ್ತಿ ಇಲ್ಲ. ತತ್ತಿ ತಂದಾವ ನಾನು."

ನನಗೆ ಅರ್ಥವಾಗಲಿಲ್ಲ.

"ಯಾದಗಿರಿಯಿಂದ ಅರಿವಿ ಗಂಟಿನಾಗ ಮುಚ್ಚಿ ತಂದಿದ್ದೆ. ಆ ಸಾಹುಕಾರನ ಗ್ವಾಡಿಗಿಂತ ನಮ್ಮದು ಒಂದು ಕೈ ಹೆಚ್ಚು ಹೊಳೀಲಿ ಅಂತ. ನೀ ಜಳಕಕ್ಕ ಹೋದಾಗ ಸುಲ್ತಾನಸಾಬಗ ಕೊಡಾಕ ಹೋದೆ. ಅಂವ ಮುಟ್ಟಲಿಲ್ಲ. ಅಕ್ಕಾರಿಗೆ ಮಾತು ಕೊಟ್ಟೇನಿ ಅಂದ. ಮನ್ಯಾಗ ಇಡಂಗಿಲ್ಲ, ಹೊರಗ ಒಯ್ಯಂಗಿಲ್ಲ. ತಿಪ್ಪ್ಯಾಗ ಒಡದು ಮುಚ್ಚಿದೆ."

"ನಾ ಅವನ್ನ ಬೈಯುವಾಗ ನೀವು ಬಾಗಿಲದಾಗ ನಿಂತಿದ್ರಿ!"

"ಲಿಂಗ ಕಟ್ಟಿದಾವ ಮನೀಗೆ ತತ್ತಿ ತಂದಾನ ಅಂತ ಊರಿಗೆ ಗೊತ್ತಾದ್ರ ನಾ ಅಂಗಡಿ ಹೆಂಗ ತೆರೀಲಿ?" ಎಂದರು. "ಹೊರಗ ಹೇಳಬ್ಯಾಡ. ನಾಯಿ ಎಲ್ಲಿಂದರ ಕಚ್ಕೊಂಡು ಬಂದಿರಬೇಕು ಅನ್ನು."

ಗೋಡೆಯಲ್ಲಿ ನಮ್ಮಿಬ್ಬರ ಮುಖವೂ ಕಾಣುತ್ತಿತ್ತು. ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ಊರಿನ ಎಲ್ಲ ತೊಲೆಗಳನ್ನು ಬಡಿದು ನೋಡಿದವಳು, ಪಕ್ಕದಲ್ಲಿ ಕೂತು ಉಣ್ಣುವವರನ್ನು ನೋಡಿರಲಿಲ್ಲ.

ಸೀದಾ ರಂಗಂಪೇಟೆಗೆ ಹೋದೆ. ಸುಲ್ತಾನಸಾಬ ಕೆಲಸ ಹುಡುಕಿಕೊಂಡು ಗೋಗಿ ಹಳ್ಳಿಗೆ ಹೋಗಿದ್ದ. ಇಮಾಮಬೀ ಹೊಸ್ತಿಲಲ್ಲಿ ಕೂತು ನನ್ನ ಮಾತನ್ನೆಲ್ಲ ಕೇಳಿದಳು.

"ಅವತ್ತ ಒಂದು ಮಾತು ಹೇಳಬಾರದಿತ್ತೇನ ಇಮಾಮಬೀ?"

"ಹೇಳಿದ್ರ ನಂಬತಿದ್ರೇನ್ರಿ?" ಎಂದಳು. "ಮಾಡೋದು ಮಾಡಿ ಮನೀ ಸಾಹುಕಾರ್ರ ಮ್ಯಾಲ ಹಾಕತಾನ ಅಂತಿದ್ರಿ. ಅದಕ್ಕೂ ಇನ್ನೊಂದು ಸಲ 'ನಿಮ್ಮವರು' ಅಂತ ಬೈತಿದ್ರಿ."

ಅವಳು ಹೇಳಿದ್ದು ನಿಜ. ಹಾಗೇ ಅನ್ನುತ್ತಿದ್ದೆ.

ಅಲ್ಲಿಂದ ಮಠಕ್ಕೆ ಹೋದೆ. ಬಸವಂತರಾಯರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. "ತಂಗಿ, ಹಾಕ್ಯಾನ ಅಂದಾಕಿ ನೀನ. ಹಾಕಿಲ್ಲ ಅನ್ನಾಕಿನೂ ನೀನ. ನಾ ಯಾವ ಮಾತು ಹಿಡೀಲಿ? ಪಾಪ ಅನಿಸಿ ಹೇಳಾಕತ್ತೀಯೋ ಏನೋ." ನಾನು ಆಣೆ ಮಾಡಿದೆ. ಅವರು ನಕ್ಕರು. ಕೆಟ್ಟ ಮಾತಿಗೆ ನನ್ನ ಬಾಯಿ ಸಾಕಾಗಿತ್ತು, ಒಳ್ಳೆಯ ಮಾತಿಗೆ ಸಾಕಾಗಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ನಮ್ಮನೆಯವರಿಗೆ ಹೇಳಿದೆ: "ಏಳ್ರಿ. ಮಠಕ್ಕ ಬರ್ರಿ. ಇಲ್ಲಾಂದ್ರ ಇದ ಕಟ್ಟಿಮ್ಯಾಲ ನಿಂತು ನಾನ ಎಲ್ಲಾ ಹೇಳತೀನಿ." ಅವರು ಅಳತೆಯ ಗಜ ಕೈಯಲ್ಲಿ ಹಿಡಿದೇ ಎದ್ದರು, ಮಠದವರೆಗೂ ಅದನ್ನು ಹಿಡಿದೇ ಬಂದರು. ಬಸವಂತರಾಯರ ಮುಂದೆ ಗಜವನ್ನು ನೆಲಕ್ಕೂರಿ ನಿಂತರು. ಆಮೇಲೆ ಮೆಲ್ಲನೆ, ಆದರೆ ಒಂದು ಮಾತೂ ಬಿಡದೆ ಹೇಳಿದರು. ಅಲ್ಲಿದ್ದ ನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನು ಖಂಡಪ್ಪ, ಪ್ರಾಯಶ್ಚಿತ್ತ ಏನಂತ ಸ್ವಾಮಿಗಳನ್ನ ಕೇಳಿ ಹೇಳತೀನಿ," ಎಂದರು ಬಸವಂತರಾಯರು ನಮ್ಮನೆಯವರಿಗೆ. "ಗೌಂಡಿಗೆ ನಾಳೆ ಬರಾಕ ಹೇಳ್ರಿ."

ಒಂದು ತಿಂಗಳು ನಮ್ಮ ಅಂಗಡಿಯಲ್ಲಿ ಅರಿವೆ ಕೊಳ್ಳದವರಿದ್ದರು. ಅದನ್ನು ನಾನು ನುಂಗಿಕೊಂಡೆ. ಸುಲ್ತಾನಸಾಬ ಮಠದ ಕೆಲಸ ಹಿಡಿದು ಹದಿನೈದು ದಿನವಾದ ಮೇಲೆ ಅವನನ್ನು ನೋಡಲು ಹೋದೆ. ಸಾರವೆಯ ಮೇಲೆ ನಿಂತು ಗೋಡೆ ತಿಕ್ಕುತ್ತಿದ್ದ. ನನ್ನನ್ನು ಕಂಡು ಕೆಳಗಿಳಿದು ಬಂದ.

"ತಪ್ಪಾತ್ರಿ," ಎಂದೆ. ಅವನಿಗೆ ನಾನು ಬಹುವಚನದಲ್ಲಿ ಮಾತಾಡಿದ್ದು ಅದೇ ಮೊದಲು. "ನಾಲ್ಕನೇ ಗ್ವಾಡಿ ಹಂಗ ನಿಂತದ. ಬಂದು ಮುಗಿಸಿ ಕೊಡ್ರಿ."

ಅವನು ಕೈಯ ಬಳಪದ ಪುಡಿ ಜಾಡಿಸಿಕೊಂಡ.

"ಅದೊಂದು ಬ್ಯಾಡ್ರಿ ಅಕ್ಕಾರ. ವಾಡೇದಾಗ ಜಹಗೀರದಾರರು ಬಂದೂಕ ತೊಡಿಮ್ಯಾಲ ಇಟ್ಕೊಂಡು ಎದುರಿಗೆ ಕೂಡ್ತಿದ್ರು. ಆವಾಗ ನನ್ನ ಕೈ ನಡಗಿಲ್ಲ. ನಿಮ್ಮ ಮನ್ಯಾಗ ನಡಗತಿದ್ವು."

"ನಾ ಈ ಸಲ ನೋಡಂಗಿಲ್ಲ. ಕೆಲಸ ಮುಗಿಯೂ ತನಕ ಪಡಸಾಲಿಗೆ ಕಾಲಿಡಂಗಿಲ್ಲ."

ಅವನು ನಕ್ಕ. ಸಿಟ್ಟಿನ ನಗೆಯಲ್ಲ. "ಈಗ ಸೈತ ನೋಡಾಕತ್ತೀರಲ್ರಿ," ಎಂದು ಹೇಳಿ ಮತ್ತೆ ಸಾರವೆ ಹತ್ತಿದ.

ಏನು ಹೇಳುತ್ತಿದ್ದಾನೆಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಪ್ಪಾಯಿತೆಂದು ಹೇಳುತ್ತಿದ್ದ ಅಷ್ಟು ಹೊತ್ತೂ ನಾನು ಅವನ ಮುಖ ನೋಡಿರಲಿಲ್ಲ. ಅವನ ಕಾಲ ಬಳಿ ಇದ್ದ ಸುಣ್ಣದ ಬುಟ್ಟಿಯೊಳಗೆ ನೋಡುತ್ತಿದ್ದೆ.