ಅಳತೆಗೆಂದು ಹೋದವಳು

ದರ್ಜಿಯಮ್ಮನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ ದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಡಾಕ್ಟರ ಭುಜದ ಅಳತೆ ತೆಗೆದದ್ದು. ಕೇಳಿದವರೆಲ್ಲ ನಗುತ್ತಾರೆ. ನಗಲಿ, ಯಾರು ಬೇಡ ಅಂದರು? ಆದರೆ ಅದರಲ್ಲಿ ಹುಚ್ಚೇನೂ ಇರಲಿಲ್ಲ. ‘ದೊಡ್ಡ ಮನೆಯವರು ಕರೆದಿದ್ದಾರೆ, ಮನೆಮಂದಿಗೆಲ್ಲ ಬಟ್ಟೆ ಹೊಲಿಸಬೇಕಂತೆ, ಅಳತೆಗೆ ಬಾ’ ಎಂದು ಅವಳನ್ನು ಕರೆತಂದವಳು ಒಡಹುಟ್ಟಿದ ಅಕ್ಕ. ಇವಳು ತಲೆ ಬಾಚಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು, ಖುಷಿಯಿಂದಲೇ ಹೊರಟಿದ್ದಳು. ಒಳಗೆ ಕನ್ನಡಕದ ಗಂಡಸೊಬ್ಬ ಎದ್ದು ನಿಂತು, “ಬನ್ನಿ ಅಮ್ಮ” ಎಂದ. ಗಿರಾಕಿ ಇವನೇ ಇರಬೇಕು ಎಂದುಕೊಂಡು, “ಕೈ ಸ್ವಲ್ಪ ಎತ್ತಿ ಸರ್” ಎಂದಳು. ಪಾಪ, ಅವನೂ ಎತ್ತಿದ. ಎಡಭುಜ ತುಸು ಇಳಿದಿದೆ, ಒಳಗೆ ಪಟ್ಟಿ ಕೊಟ್ಟರೆ ಸರಿಹೋಗುತ್ತದೆ ಎಂದು ಅವಳು ಹೇಳುತ್ತಿರುವಾಗಲೇ ಇಬ್ಬರು ಹಿಂದಿನಿಂದ ಬಂದು ರಟ್ಟೆ ಹಿಡಿದರು. ಅಕ್ಕ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದಳು.

ಕಾಯಿಲೆ ಇರಲಿಲ್ಲವೆಂದು ಯಾರೂ ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲದೆ ಮೆಷಿನ್ ತುಳಿದಿದ್ದಳು. ಗಿರಾಕಿಗಳು ಕೊಟ್ಟ ಹೊಸ ಬಟ್ಟೆಗಳನ್ನು ಕತ್ತರಿಸಿ, ಜೋಡಿಸಿ ಹೊಲಿದು, ಹೊರಗಿನವರು ಇಣುಕಬಾರದೆಂದು ಕಿಟಕಿಗಳಿಗೆಲ್ಲ ಕಟ್ಟಿದ್ದಳು. ಕೊನೆಕೊನೆಗೆ ಅಕ್ಕನೇ ಅವಳಿಗೆ ಹೊರಗಿನವಳಾಗಿದ್ದಳು. ಮಾತ್ರೆ ಹಿಡಿದ ಮೇಲೆ ಅದೆಲ್ಲ ಮೆಲ್ಲಗೆ ಇಳಿಯಿತು. ಆಗ ಉಳಿದದ್ದು ನಾಚಿಕೆ. ಡಾಕ್ಟರು ಕೈ ಎತ್ತಿ ನಿಂತದ್ದು ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಟೇಪಮ್ಮ ಎಂದೇ ಕರೆದರು. ಟೇಪು ಮಾತ್ರ ಅವಳ ಬಳಿ ಇರಲಿಲ್ಲ, ಕುತ್ತಿಗೆಗೆ ಬಿಗಿದುಕೊಂಡಾಳೆಂದು ಬಂದ ದಿನವೇ ಕಿತ್ತುಕೊಂಡಿದ್ದರು. ಪಕ್ಕದ ಮಂಚದ ಮುದುಕಿ ಅಲ್ಲಿಗೆ ಹಳಬಳು, ಮೊದಲು ಟೀಚರಾಗಿದ್ದವಳು. ಅವಳು ಪಾಠ ಹೇಳಿಕೊಟ್ಟಳು: “ಊಟ ಚೆನ್ನಾಗಿದೆ ಅನ್ನು, ನಿದ್ದೆ ಬಂತು ಅನ್ನು. ಕೋಪ ಬಂದ್ರೆ ನುಂಗ್ಕೋ, ಇಲ್ಲಿ ಕೋಪಕ್ಕೂ ಮಾತ್ರೆ ಕೊಡ್ತಾರೆ. ಅಳೋದಿದ್ರೆ ಬಚ್ಚಲಲ್ಲಿ ಅಳು.” ಬಚ್ಚಲಿಗೆ ಚಿಲಕವಿರಲಿಲ್ಲ. ದರ್ಜಿಯಮ್ಮ ಬಾಗಿಲಿಗೆ ಒಂದು ಕಾಲು ಒತ್ತಿಕೊಂಡು, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಲ್ಲಿ ಯಾರೂ ಅವಳಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಇಷ್ಟೊಂದು ಜನರ ನಡುವೆ ‘ನಿನಗೆ ಮೋಸ ಆಯಿತು’ ಎನ್ನುವ ಒಂದು ಜೀವವೂ ಇರಲಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎನ್ನುವವರೇ ಎಲ್ಲ.

ಅಕ್ಕ ವಾರವಾರವೂ ಹಣ್ಣು ಹಿಡಿದು ಬರುತ್ತಿದ್ದಳು. ಇವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅಕ್ಕ ಬೆನ್ನಿನೊಂದಿಗೆ ಮಾತಾಡಿ ಹೋಗುತ್ತಿದ್ದಳು.

ಕೊನೆಗೊಂದು ದಿನ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಮನೆಗೆ ಕಳಿಸಬಹುದು, ಆದರೆ ಅಕ್ಕನ ಜೊತೆಗೇ ಇರಬೇಕು, ಮಾತ್ರೆ ಅಕ್ಕನ ಕೈಯಿಂದಲೇ ತಗೋಬೇಕು ಎಂದರು. ದರ್ಜಿಯಮ್ಮ ಅಕ್ಕನ ಕೈಯನ್ನೇ ನೋಡಿದಳು. ಆ ಕೈ ಕೊಟ್ಟದ್ದನ್ನು ಇನ್ನು ಹೇಗೆ ಬಾಯಿಗೆ ಹಾಕಿಕೊಳ್ಳುವುದು?

“ಮತ್ತೆ ಹೀಗಾದ್ರೆ ಏನು ಮಾಡಬೇಕು? ನೀವೇ ಹೇಳಿ” ಎಂದರು ಡಾಕ್ಟರು.

ಪಕ್ಕದ ಮಂಚದ ಟೀಚರಮ್ಮ ಹೇಳಿಕೊಟ್ಟ ಹಾಗೆ, ಡಾಕ್ಟರಿಗೆ ಹಿತವಾಗುವ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಬಿಟ್ಟು ಅವಳು ಅಕ್ಕನ ಕಡೆ ತಿರುಗಿದಳು. “ಹೇಳ್ಬೇಕು. ನಿನಗೆ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ ಅಂತ ಬಾಯಿಬಿಟ್ಟು ಹೇಳ್ಬೇಕು.”

“ಹೇಳಿದ್ರೆ ಬರ್ತಿದ್ಯಾ?”

“ಇಲ್ಲ.”

“ಮತ್ತೆ?”

“ಎಳ್ಕೊಂಡು ಬರಬೇಕಿತ್ತು. ಕಚ್ಚುತ್ತಿದ್ದೆ, ಕಿರುಚುತ್ತಿದ್ದೆ, ಬೀದಿಯವರೆಲ್ಲ ನೋಡುತ್ತಿದ್ರು. ಆಮೇಲೆ ನಿನ್ನ ಮೇಲೆ ಸಿಟ್ಟಿರುತ್ತಿತ್ತು, ಅಷ್ಟೇ. ಸಿಟ್ಟು ಇಳಿಯುತ್ತೆ ಅಕ್ಕ. ಈಗ ನೀನು ಊಟಕ್ಕೆ ಬಾ ಅಂದ್ರೂ ನಿಜಾನಾ ಸುಳ್ಳಾ ಅಂತ ನಾನು ನಿನ್ನ ಮುಖ ನೋಡ್ತೀನಿ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿನ್ನನ್ನ ಬೀದೀಲಿ ಎಳ್ಕೊಂಡು ಬರೋ ಧೈರ್ಯ ನನಗಿರಲಿಲ್ಲ ಕಣೇ” ಎಂದಳು. ಅದು ನಿಜವೆಂದು ತಂಗಿಗೂ ಗೊತ್ತಾಯಿತು. ಗೊತ್ತಾದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಗೇಟಿನ ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. “ಹತ್ತು, ಮನೆಗೆ ಹೋಗೋಣ” ಎಂದಳು ಅಕ್ಕ. ದರ್ಜಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅಳತೆಗೆ ಬಾ ಎಂದ ದಿನವೂ ಇದೇ ದನಿ, ಇಷ್ಟೇ ಅಕ್ಕರೆ.

“ಮನೆಗೇ ಕಣೇ. ನಿನ್ನಾಣೆ.”

ಆಣೆಯನ್ನು ಅವತ್ತೂ ಇಟ್ಟಿದ್ದಳು. “ನಾನು ನಡ್ಕೊಂಡು ಹೋಗ್ತೀನಿ. ದಾರಿ ನನಗೆ ಗೊತ್ತು. ನೀನು ಹಿಂದೆ ಬಾ” ಎಂದಳು ತಂಗಿ.

ಅಕ್ಕ ಟ್ಯಾಕ್ಸಿಯನ್ನು ಕಳಿಸಿಬಿಟ್ಟಳು. ದೂರವೇನೂ ಕಡಿಮೆಯಿರಲಿಲ್ಲ, ಬಿಸಿಲೂ ಇತ್ತು. ತಂಗಿ ಮುಂದೆ, ಬಟ್ಟೆಯ ಚೀಲ ಹೊತ್ತ ಅಕ್ಕ ಹಿಂದೆ. ತಿರುವು ಬಂದಾಗಲೆಲ್ಲ ತಂಗಿ ತಾನೇ ತಿರುಗಿದಳು, ಯಾರನ್ನೂ ಕೇಳಲಿಲ್ಲ. ಏರುದಾರಿಯಲ್ಲಿ ಅಕ್ಕನ ಏದುಸಿರು ಕೇಳಿಸಿತು. ನಿಲ್ಲು ಎಂದು ಅಕ್ಕ ಅನ್ನಲಿಲ್ಲ. ತಂಗಿ ಹೆಜ್ಜೆ ನಿಧಾನ ಮಾಡಿದಳು, ಹಿಂದೆ ನೋಡಲಿಲ್ಲ.

ತಮ್ಮ ಬೀದಿ, ತಮ್ಮ ಬಾಗಿಲು ಕಂಡ ಮೇಲೆಯೇ ಅವಳಿಗೆ ಇದು ಮನೆ ಎಂದು ನಂಬಿಕೆ ಬಂದದ್ದು. ಮೆಟ್ಟಿಲ ಮೇಲೆ ಕುಸಿದು ಕೂತು ದನಿ ತೆಗೆದು ಅತ್ತಳು. ಅಕ್ಕ ಬೀದಿಯಲ್ಲೇ ನಿಂತಿದ್ದಳು.

“ಹತ್ತಿರ ಬರಲಾ?” ಎಂದು ಕೇಳಿದಳು ಅಕ್ಕ.

“ಈಗ ಬೇಡ” ಎಂದಳು ತಂಗಿ.

ಅಕ್ಕ ಚೀಲವನ್ನು ಕೆಳಗಿಟ್ಟು ಅಲ್ಲೇ ನಿಂತಳು.