ಮೂರು ನಿಮಿಷದ ಖಳನಾಯಕಿ

ಓಸ್ರಿಕ್ ಅಂಗಾತ ಬಿದ್ದಿದ್ದ. ವುಲ್ಫ್‌ಗಿತ್ ಅವನ ಎದೆಯ ಮೇಲೆ ಮೊಣಕಾಲೂರಿ ಚೂರಿ ಎತ್ತಿದಳು. ಸರಿಯಾಗಿ ಆ ಹೊತ್ತಿಗೆ ಮಠದ ಗಂಟೆ ಢಣ್ ಎಂದಿತು. ಅವಳು ಚೂರಿಯನ್ನು ಹುಲ್ಲಿನ ಮೇಲಿಟ್ಟಳು, ನಿಲುವಂಗಿಗೆ ಅಂಟಿದ ಮಣ್ಣು ಕೊಡವಿದಳು, ಎರಡೂ ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡು, ತಲೆ ತಗ್ಗಿಸಿ ಚರ್ಚಿನ ಕಡೆ ನಡೆದುಬಿಟ್ಟಳು. ಸಾಯಬೇಕಾಗಿದ್ದ ಓಸ್ರಿಕ್ ಎದ್ದು ಕೂತು, ಆ ಕಡೆ ಈ ಕಡೆ ನೋಡಿ, ಬೇರೇನೂ ತೋಚದೆ ಆಕಳಿಸಿದ.

"ಮುಗೀತು, ನನ್ ಕಥೆ," ಎಂದಳು ಲಿನ್ ಹೆಪ್ಪಲ್.

ನಾರ್ತಂಬರ್‌ಲ್ಯಾಂಡಿನ ಕಡಲ ದಡದಲ್ಲಿ, ಕಾರ್ಪೆಟ್ ಅಂಗಡಿಯೊಂದರ ಮಹಡಿಯ ಮೇಲೆ, ನಾವು ಒಂಬತ್ತು ಜನ ಮೂರು ವರ್ಷದಿಂದ ಮಾಡುತ್ತಿದ್ದ ವಿಡಿಯೊ ಗೇಮ್ ಇದು. ಪಾತ್ರಗಳ ಮಾತು ಬರೆಯುವುದು ನನ್ನ ಕೆಲಸ. ಹೆಬ್ಬಾತುಗಳ ಧ್ವನಿಯೂ ನನ್ನದೇ. ವುಲ್ಫ್‌ಗಿತ್ ಮಾತ್ರ ಪೂರ್ತಿ ಲಿನ್‌ಳ ಸೃಷ್ಟಿ. ಸಾವಿರದ ಇನ್ನೂರು ವರ್ಷದ ಹಿಂದಿನ ಆಂಗ್ಲೋ-ಸ್ಯಾಕ್ಸನ್ ಸನ್ಯಾಸಿನಿ, ಮಠದ ಉಗ್ರಾಣದ ಯಜಮಾನಿ, ಜೇನು ಸುರಿಯುವ ಮಾತು. ಕಣಿವೆಯ ವಾರಸುದಾರನಾದ ಹುಡುಗ ಓಸ್ರಿಕ್‌ನನ್ನು ಮುಗಿಸಿ ಕಣಿವೆಯನ್ನೆಲ್ಲ ಮಠಕ್ಕೆ ಸೇರಿಸಿಕೊಳ್ಳುವುದು ಅವಳ ಹಂಚಿಕೆ. ಹೆಸರು ಗಿತ್ ಎಂದು ಮುಗಿಯುವುದು ಸುಮ್ಮನಲ್ಲ. ಸುಳ್ಳುಗಿತ್ತಿ, ಕಳ್ಳಗಿತ್ತಿ, ಸಮಯ ಸಿಕ್ಕರೆ ಕೊಲೆಗಿತ್ತಿ.

ಸಮಯ ಸಿಗಬೇಕಲ್ಲ, ತೊಂದರೆ ಅದೇ.

ಲಿನ್ ಇಪ್ಪತ್ತು ವರ್ಷ ಬೇರೆಯವರ ಆಟಗಳಿಗೆ ತೋಳ, ಕಾಡುಹಂದಿ, ಹೆಸರಿಲ್ಲದ ಸೈನಿಕರನ್ನು ಮಾಡಿಕೊಟ್ಟವಳು. ಹೆಸರಿಟ್ಟು ಸಾಕಿದ ಮೊದಲ ದುಷ್ಟೆ ವುಲ್ಫ್‌ಗಿತ್. ನಮ್ಮ ಆಟವನ್ನು ಮಾರಾಟಕ್ಕೆ ಬಿಡಬೇಕಾದ ಲಂಡನ್ ಕಂಪನಿಯ ಜೂಲಿಯನ್ ಕ್ರಾಂಪ್ಟನ್ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು, ತಾನೇ ಕೂತು ಆಡಿ ನೋಡುವವನಿದ್ದ. ಸನ್ಯಾಸಿನಿಯನ್ನು ಕಂಡು ಯಾರೂ ಹೆದರುವುದಿಲ್ಲ ಎನ್ನುವುದು ಅವನ ಮತ. ಆರೂವರೆ ಅಡಿ ಎತ್ತರದ, ಗಡ್ಡಕ್ಕೆ ಜಡೆ ಹಾಕಿಕೊಂಡ, ಕೊಡಲಿ ಹಿಡಿದ ಕಡಲುಗಳ್ಳ ವೈಕಿಂಗ್ ಒಬ್ಬನ ಚಿತ್ರ ಬರೆಸಿ ಸಿದ್ಧವಾಗಿಟ್ಟುಕೊಂಡಿದ್ದ. ಗುರುವಾರ ತನಗೆ ಭಯವಾಗದಿದ್ದರೆ ಖಳನ ಪಾತ್ರ ವೈಕಿಂಗಿಗೆ, ವುಲ್ಫ್‌ಗಿತ್ ಸಂತೆಯಲ್ಲಿ ಎಲೆಕೋಸು ಮಾರುವ ನಾಲ್ವರಲ್ಲಿ ಒಬ್ಬಳು ಎಂದು ಮೊದಲೇ ಹೇಳಿದ್ದ. ಆವತ್ತು ಮಂಗಳವಾರ.

ತಪ್ಪು ಯಾರದು ಎಂದು ಹುಡುಕುತ್ತ ಹೋದರೆ ಅದು ಮಠದ ಬುಡಕ್ಕೇ ಹೋಗಿ ಮುಟ್ಟುತ್ತಿತ್ತು. ಗುಡ್ಡದ ಮೇಲಿನ ನಿಜವಾದ ಮಠದಿಂದ ಸಿಸ್ಟರ್ ಪೆಟ್ರೊನೆಲ್ಲಾ ಎಂಬ ಎಪ್ಪತ್ತಾರರ ಹಿರಿಯರು ವಾರಕ್ಕೆ ಎರಡು ದಿನ ಬಸ್ಸು ಹಿಡಿದು ಬಂದು ಹಳೇ ಕಾಲದ ಸರಿತಪ್ಪು ತಿಳಿಸಿಕೊಡುತ್ತಿದ್ದರು. ದಿನಕ್ಕೆ ಎಂಟು ಪ್ರಾರ್ಥನೆ; ಗಂಟೆ ಕೇಳಿದರೆ ಕೈಯಲ್ಲಿರುವುದನ್ನು ಅಲ್ಲಿಗೇ ಬಿಟ್ಟು ಹೊರಡಬೇಕು, ಬರೆಯುತ್ತಿರುವ ಅಕ್ಷರ ಅರ್ಧವಾಗಿದ್ದರೆ ಅರ್ಧವೇ ಇರಲಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ಕೇಳಿಸಿಕೊಂಡವನು ಪ್ರೋಗ್ರಾಮರ್ ಕೀತ್. ಅವನಿಗೆ ಉಪ್ಪು ಸ್ವಲ್ಪ ಹಾಕು ಎಂದರೆ ಎಷ್ಟು ಗ್ರಾಂ ಎನ್ನುತ್ತಾನೆ. ಆಟದಲ್ಲಿ ಪ್ರತಿ ಕೆಲಸಕ್ಕೂ ಅವನು ಒಂದು ಅಂಕ ಕೊಟ್ಟಿದ್ದ. ಹೆಚ್ಚು ಅಂಕದ್ದು ಮೊದಲು. ಹೊಡೆದಾಟಕ್ಕೆ ಐವತ್ತು, ಬೆಂಕಿ ಬಿದ್ದರೆ ಓಡುವುದಕ್ಕೆ ಎಂಬತ್ತು, ಸಾಯುವುದಕ್ಕೆ ತೊಂಬತ್ತು, ಪ್ರಾರ್ಥನೆಗೆ ನೂರು. ಅಂದರೆ ನಮ್ಮ ಕಣಿವೆಯಲ್ಲಿ ಗಂಟೆ ಹೊಡೆದರೆ, ಆಡುವವರು ನಡೆಸುವ ಓಸ್ರಿಕ್ ಒಬ್ಬನನ್ನು ಬಿಟ್ಟು, ಸಾಯುತ್ತಿದ್ದವರೂ ಎದ್ದು ಹೋಗುತ್ತಿದ್ದರು. ಗಂಟೆಯನ್ನು ಗೋಪುರಕ್ಕೆ ಕಟ್ಟಿದ್ದು ಸೋಮವಾರವಷ್ಟೇ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಆಟದ ಒಂದು ದಿನವೆಂದರೆ ನಮ್ಮ ಇಪ್ಪತ್ನಾಲ್ಕು ನಿಮಿಷ. ಎಂಟು ಪ್ರಾರ್ಥನೆ ಎಂದರೆ ಮೂರು ನಿಮಿಷಕ್ಕೊಂದು. ಮೂರು ನಿಮಿಷದಲ್ಲಿ ಮನುಷ್ಯರು ಹೆಚ್ಚೆಂದರೆ ಚಾಡಿ ಹೇಳಬಹುದು.

ಬುಧವಾರ ಕೀತ್ ತನಗೆ ತಿಳಿದ ಸುಲಭದ ದಾರಿ ಹಿಡಿದ. ಗಂಟೆಯನ್ನೇ ಬಿಚ್ಚಿ ಹಾಕಿದ. ಒಂದೇ ಒಂದು ಸಲ ಹೊಡೆದಾಟದ ಭಾಗ ಆಡಿಸಿ ನೋಡಿದೆವು. ವುಲ್ಫ್‌ಗಿತ್ ಓಸ್ರಿಕ್‌ನನ್ನು ಅಚ್ಚುಕಟ್ಟಾಗಿ ಕೊಂದಳು. ಲಿನ್ ಎಲ್ಲರಿಗೂ ಚಹಾ ಮಾಡಿಕೊಟ್ಟಳು.

ಗುರುವಾರ ಜೂಲಿಯನ್ ಬಂದ. ವಾಕ್ಯದ ಅರ್ಧವನ್ನು ಮೂಗಿನಲ್ಲೇ ಉಳಿಸಿಕೊಂಡು ಉಳಿದರ್ಧವನ್ನು ಚಾವಣಿಗೆ ಹೇಳುವ ಮನುಷ್ಯ. ಅವನಂತೆ ಮಾತಾಡಿ ತೋರಿಸುವುದು ನನಗೆ ಬಲು ಸುಲಭ, ಆವತ್ತು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಸಿಸ್ಟರ್ ಪೆಟ್ರೊನೆಲ್ಲಾ ಕಿಟಕಿಯ ಬಳಿ ಕೂತು, ತಾವು ತಂದಿದ್ದ ದಪ್ಪ ರೊಟ್ಟಿಗಳನ್ನು ಸೀಳಿ ಹಂದಿಮಾಂಸದ ಹ್ಯಾಮು, ಬಟಾಣಿ ಮುದ್ದೆ ತುಂಬುತ್ತಿದ್ದರು.

ಆಟ ಶುರುವಾಗುವುದು ಓಸ್ರಿಕ್‌ನ ಗುಡಿಸಲಲ್ಲಿ. ಆಡುವವರಿಗೆ ಗುಂಡಿಗಳ ಅಭ್ಯಾಸವಾಗಲಿ ಎಂದು ಮೊದಲು ಎಡಗಾಲಿನ ಬೂಟು, ಆಮೇಲೆ ಬಲಗಾಲಿನದು ಹಾಕಿಸುತ್ತೇವೆ. ಜೂಲಿಯನ್ ಎಡಗಾಲಿನದು ಹಾಕುವಷ್ಟರಲ್ಲಿ ಹೊರಗೆ ಏನೋ ಹೊತ್ತಿ ಉರಿಯುವ ವಾಸನೆ, ಅಂದರೆ ಪರದೆಯ ಅಂಚಿನಲ್ಲಿ ಹೊಗೆ. ಹುಟ್ಟಿದಾಗಿನಿಂದ ಮೊದಲ ಸಲ ವುಲ್ಫ್‌ಗಿತ್‌ಗೆ ಇಡೀ ದಿನ ಬಿಡುವು ಸಿಕ್ಕಿತ್ತು. ನಲವತ್ತು ತಾಸಿನ ಆಟಕ್ಕೆಂದು ನಾವು ಕೂಡಿಟ್ಟಿದ್ದ ದುಷ್ಟತನವನ್ನೆಲ್ಲ ಅವಳು ಒಂದೇ ಬೆಳಿಗ್ಗೆ ಹೊಲ ಉತ್ತ ಹಾಗೆ ಉತ್ತು ಮುಗಿಸಿದ್ದಳು. ಕಣಜಕ್ಕೆ ಬೆಂಕಿ, ಓಸ್ರಿಕ್‌ನ ಚಿಕ್ಕಪ್ಪನಿಗೆ ವಿಷ, ಮೂರು ಸುಳ್ಳು ಉಯಿಲು. ಬಲಗಾಲಿನ ಬೂಟು ಕೈಯಲ್ಲಿರುವಾಗಲೇ ಬಾಗಿಲು ತಟ್ಟಿ, ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದಳು. ಜೂಲಿಯನ್ ಗಂಜಿ ಕುಡಿದು ಸತ್ತ. ಎರಡನೇ ಸಲ ಗಂಜಿ ಬೇಡವೆಂದು ಸತ್ತ. ಹನ್ನೊಂದು ಸಲ ಸತ್ತ. ಒಂದು ಸಲ ಬರಿಗಾಲಲ್ಲಿ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡ. ಹೊರಗೆ ನೋಡಿದರೆ ಗಂಟೆಯಿಲ್ಲದೆ ಊಟವೂ ಇಲ್ಲ ನಿದ್ದೆಯೂ ಇಲ್ಲ ಎಂದುಕೊಂಡ ಊರಿನ ನೂರಾ ನಲವತ್ತು ಜನ ಗೋಪುರದತ್ತ ಮುಖ ಮಾಡಿ ಅಲ್ಲಾಡದೆ ನಿಂತಿದ್ದರು. ಅವರ ಮಧ್ಯೆ ದಾರಿ ಸಿಗದೆ ಅಲ್ಲೇ ಸತ್ತ.

ಜೂಲಿಯನ್ ಆಟದ ರಿಮೋಟನ್ನು ಮೇಜಿನ ಮೇಲಿಟ್ಟು, ಇದು ಭಯವಲ್ಲ, ಕಿರಿಕಿರಿ ಎಂದ. ತಾನಿನ್ನೂ ಬೂಟು ಹಾಕಿಕೊಂಡಿಲ್ಲವೆಂದೂ, ವೈಕಿಂಗ್ ಆಗಿದ್ದರೆ ದೂರದಿಂದಲೇ ಕೂಗಿಕೊಂಡು ಬರುತ್ತಿದ್ದನೆಂದೂ, ಬಂದರಿನಲ್ಲಿ ಮೀನು ತಿಂದು ಎರಡು ಗಂಟೆಗೆ ಬರುತ್ತೇನೆ, ಅಲ್ಲಿಗೆ ಕೊನೆ ಎಂದೂ ಚಾವಣಿಗೆ ತಿಳಿಸಿ ಮೆಟ್ಟಿಲಿಳಿದ.

ಲಿನ್ ಕುರ್ಚಿಯಲ್ಲಿ ಜಾರಿ ಜಾರಿ ಬೆನ್ನಿನ ಮೇಲೆ ಕೂತಿದ್ದಳು. ಗಂಟೆ ಇದ್ದರೆ ಖಳನಾಯಕಿ ಇಲ್ಲ, ಗಂಟೆ ಇಲ್ಲದಿದ್ದರೆ ಆಟವೇ ಇಲ್ಲ. ಪ್ರಾರ್ಥನೆಯ ಅಂಕವನ್ನು ನಲವತ್ತಕ್ಕೆ ಇಳಿಸಿದರೆ ಹೊಡೆದಾಟದ ಹೊತ್ತಿಗೆ ಅವಳು ಗಂಟೆಯನ್ನು ಲೆಕ್ಕಿಸುವುದಿಲ್ಲ ಎಂದ ಕೀತ್. ಹಾಗೆ ಮಾಡಿದರೆ ಅವಳು ಸನ್ಯಾಸಿನಿಯಲ್ಲ, ಸನ್ಯಾಸಿನಿಯ ಬಟ್ಟೆ ಹಾಕಿಕೊಂಡ ಯಾರೋ ಹೆಂಗಸು ಎಂದರು ಸಿಸ್ಟರ್.

ಲಿನ್‌ಗೆ ರೇಗಿತು. "ಹಾಗಾದ್ರೆ ನೀವೇ ಹೇಳಿ ಸಿಸ್ಟರ್. ಮೂರು ನಿಮಿಷಕ್ಕೊಂದ್ಸಲ ಗಂಟೆ ಹೊಡ್ಕೊಂಡ್ರೆ ಒಬ್ಬ ಮನುಷ್ಯನ್ನ ಕೊಲ್ಲೋದು ಹೆಂಗೆ?"

ಸಿಸ್ಟರ್ ಅದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದರು. ಚಾಕು ಕೆಳಗಿಟ್ಟರು.

"ನಾನು ಮೂವತ್ತೊಂದು ವರ್ಷ ಮಠದ ಅಡುಗೆ ಮನೇಲಿದ್ದೆ ಚಿನ್ನ. ಹತ್ತೊಂಬತ್ತು ಜನಕ್ಕೆ ಮೂರು ಹೊತ್ತು. ಹೊಸದಾಗಿ ಬಂದೋರು ಒಲೆ ಮುಂದೆ ನಿಂತು ಬೇಯಿಸ್ತಾರೆ, ಗಂಟೆ ಹೊಡಿಯತ್ತೆ, ಓಡ್ತಾರೆ, ಹಾಲು ಉಕ್ಕಿ ಹೋಗತ್ತೆ. ನಿಮ್ಮ ವುಲ್ಫ್‌ಗಿತ್ ಮಾಡ್ತಿರೋದೂ ಅದೇ. ಚೂರಿ ಹಿಡ್ಕೊಂಡು ಎದುರಿಗೇ ನಿಂತ್ಕೊಳ್ಳೋದು ಯಾಕೆ? ರಾತ್ರಿ ಕೊನೇ ಪ್ರಾರ್ಥನೆಗೆ ಮುಂಚೆ ಬಟಾಣಿ ನೆನೆಹಾಕ್ಬೇಕು. ಬೆಳಗಿನ ಗಂಟೆಗೆ ಮುಂಚೆ ಸಣ್ಣ ಉರೀಲಿ ಇಟ್ಬಿಡ್ಬೇಕು. ನಾನು ಅಲ್ಲಿ ಹಾಡ್ತಿರ್ತೀನಿ, ಅದು ಇಲ್ಲಿ ತಾನಾಗಿ ಬೇಯ್ತಿರತ್ತೆ."

ಕೀತ್ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

ಲಿನ್ ನೆಟ್ಟಗೆ ಕೂತಳು. ಗೋಡೆಯ ಬಿಳಿ ಹಲಗೆಯ ಮುಂದೆ ಹೋಗಿ ಎಂಟು ಪ್ರಾರ್ಥನೆಯ ಗಂಟೆಗಳನ್ನು ಸಾಲಾಗಿ ಬರೆದಳು. ಸಿಸ್ಟರ್ ಕೂತಲ್ಲಿಂದಲೇ ವಾರದ ಅಡುಗೆ ಪಟ್ಟಿ ಹೇಳುವ ದನಿಯಲ್ಲಿ ಹೇಳುತ್ತ ಹೋದರು. ಮೊದಲ ಬಿಡುವಿನಲ್ಲಿ ಸೇತುವೆಯ ಒಂದೇ ಒಂದು ಗೂಟ ಸಡಿಲಿಸಿದರೆ ಸಾಕು, ಪೂರ್ತಿ ಕೀಳುವುದು ಬೇಡ, ಭಾರ ಬಿದ್ದಾಗ ಅದೇ ಬರುತ್ತದೆ. ಎರಡನೆಯದರಲ್ಲಿ ಕಣಜದ ದೀಪಕ್ಕೆ ಉದ್ದ ಬತ್ತಿ. ವಿಷವನ್ನು ಹಿಂದಿನ ದಿನವೇ ಬಿಯರಿನ ಜಾಡಿಯಲ್ಲಿ ನೆನೆಹಾಕಿಟ್ಟಿರಬೇಕು, ಕಹಿ ಇಳಿಯುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಬೇಕಾದರೆ ಹುಡುಗನ ಜೊತೆ ಹೊಡೆದಾಡಲಿ, ಆದರೆ ಹಸಿವು ಹುಟ್ಟಿಸುವಷ್ಟು ಮಾತ್ರ. ಹೇಳುತ್ತ ಹೇಳುತ್ತ ಅವರ ಕೆನ್ನೆ ಕೆಂಪಾಯಿತು. ನೆಲಮಾಳಿಗೆಯ ಬಾಗಿಲು ಎಷ್ಟು ಭಾರ ಎಂದು ಅವರು ಕೇಳಿದಾಗ ಕೀತ್ ತನ್ನ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿದ. ಬೇಕಾದ ಸಾಮಾನೆಲ್ಲ ಆಟದಲ್ಲಿ ಮೊದಲೇ ಇದ್ದುದರಿಂದ ಅವನಿಗೆ ಕೆಲಸಗಳ ಸರದಿ ಬದಲಿಸುವುದಷ್ಟೇ ಉಳಿದಿತ್ತು. ಎರಡಕ್ಕೆ ಐದು ನಿಮಿಷವಿರುವಾಗ ಗಂಟೆ ಮತ್ತೆ ಗೋಪುರವೇರಿತು, ಪ್ರಾರ್ಥನೆಯ ಅಂಕ ನೂರಕ್ಕೆ ನೂರು.

ಮೀನಿನ ಊಟದಿಂದ ಜೂಲಿಯನ್ ಪ್ರಸನ್ನನಾಗಿ ಬಂದ. ಈ ಸಲ ಎರಡೂ ಬೂಟು ಹಾಕಿಕೊಂಡ, ಹೊರಗೆ ಬಂದ. ವುಲ್ಫ್‌ಗಿತ್ ಎದುರಾಗಿ ಕೈ ಮುಗಿದು ಕುಶಲ ಕೇಳಿದಳು, ಗಂಟೆ ಹೊಡೆಯಿತು, ಹೊರಟುಹೋದಳು. ಜೂಲಿಯನ್ ನಕ್ಕ. ಅಂಗಳದಲ್ಲಿ ಚೂರಿ ಹಿಡಿದು ಬಂದು ಎರಡೇಟು ಹಾಕಿದಳು, ಗಂಟೆ ಹೊಡೆಯಿತು, ಚೂರಿ ಕೆಳಗಿಟ್ಟು ಹೊರಟುಹೋದಳು. ಜೂಲಿಯನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಲಿನ್ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು.

ಓಸ್ರಿಕ್ ಸೇತುವೆಯ ಮಧ್ಯಕ್ಕೆ ಬಂದಾಗ ಹಲಗೆ ಜಾರಿತು. ಹೇಗೋ ಈಜಿ ದಡ ಹತ್ತಿದ. ಬಟ್ಟೆ ಒಣಗಿಸಿಕೊಳ್ಳಲು ಕಣಜಕ್ಕೆ ಹೋದ, ಕಣಜ ಹೊತ್ತಿಕೊಂಡಿತು. ಹೊರಗೆ ಬಿದ್ದ. ಜೀವ ಕಾಲು ಭಾಗ ಉಳಿದಿತ್ತು. ಜೀವ ಕಡಿಮೆಯಾದಾಗ ಬಿಯರು ಕುಡಿದರೆ ಏರುತ್ತದೆ ಎಂದು ಆಟವೇ ಕಲಿಸಿಕೊಟ್ಟಿರುತ್ತದೆ. ಬಾಗಿಲ ಬಳಿ ಜಾಡಿ ಇತ್ತು. ಕುಡಿದ. ಈ ಹೊತ್ತೆಲ್ಲ ಚರ್ಚಿನ ಒಳಗಿನಿಂದ ಸನ್ಯಾಸಿನಿಯರ ಹಾಡು ತೆಳ್ಳಗೆ ಕೇಳಿಬರುತ್ತಲೇ ಇತ್ತು. ಜೂಲಿಯನ್‌ಗೆ ಆಗ ಏನೋ ಹೊಳೆಯಿತು. ತೂರಾಡುವ ಓಸ್ರಿಕ್‌ನನ್ನು ಚರ್ಚಿನ ಕಿಟಕಿಯವರೆಗೂ ಎಳೆದುಕೊಂಡು ಹೋಗಿ ಇಣುಕಿಸಿದ. ಮೂರನೇ ಸಾಲಿನಲ್ಲಿ ವುಲ್ಫ್‌ಗಿತ್ ಕಣ್ಣು ಮುಚ್ಚಿ, ಎಲ್ಲರ ಎದುರಿಗೆ, ಎಲ್ಲರಿಗಿಂತ ಶ್ರುತಿಬದ್ಧವಾಗಿ ಹಾಡುತ್ತಿದ್ದಳು. ಓಸ್ರಿಕ್ ಕಿಟಕಿಯ ಕೆಳಗೆ ಕುಸಿದ.

ಜೂಲಿಯನ್ ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಸೇತುವೆ ಹತ್ತಲಿಲ್ಲ, ಕಣಜಕ್ಕೆ ಹೋಗಲಿಲ್ಲ, ಜಾಡಿ ಮುಟ್ಟಲಿಲ್ಲ. ಓಸ್ರಿಕ್‌ನನ್ನು ಬಯಲಿನ ನಟ್ಟನಡುವೆ, ಸುತ್ತ ಐವತ್ತು ಮಾರು ಏನೂ ಇಲ್ಲದ ಕಡೆ ನಿಲ್ಲಿಸಿದ. ಗಂಟೆ ಹೊಡೆಯಿತು. ಜೂಲಿಯನ್‌ನ ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಹೋದವು. ಹಾಡು ಶುರುವಾಯಿತು.

"ಅವಳು ಒಳಗಿದ್ದಾಳೆ," ಎಂದ ಮೆಲ್ಲಗೆ, ಮೊದಲ ಸಲ ಚಾವಣಿಯ ಬದಲು ನಮ್ಮನ್ನೇ ನೋಡಿ. "ಈಗ ಏನಾಗತ್ತೆ?"

ನಿಜ ಹೇಳಬೇಕೆಂದರೆ ಬಯಲಿಗೆ ನಾವು ಏನೂ ಇಟ್ಟಿರಲಿಲ್ಲ. ಅವನು ಎರಡು ನಿಮಿಷ ಹಾಗೇ ಕೂತಿದ್ದ. ಹಣೆಯಲ್ಲಿ ಬೆವರಿತ್ತು. ಒಂದು ಹೆಬ್ಬಾತು, ಅಂದರೆ ನಾನು, ಕೂಗಿದ್ದಕ್ಕೆ ರಿಮೋಟನ್ನು ಕೈಬಿಟ್ಟ.

ಆಮೇಲೆ ವೈಕಿಂಗಿನ ಚಿತ್ರವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ಇವಳೇ ಇರಲಿ ಎಂದ. ಲಿನ್ ತಲೆಯಾಡಿಸಿದಳು. ಅವಳು ಹಲಗೆಯ ಕಡೆ ತಿರುಗಿ ಏನೋ ಒರೆಸುವಂತೆ ನಿಂತಳು. ಒರೆಸಬೇಕಾದ್ದು ಹಲಗೆಯ ಮೇಲಿರಲಿಲ್ಲ, ಮುಖದ ಮೇಲಿತ್ತು.

ಒಂದೇ ಒಂದು ತೊಡಕು ಎಂದ ಜೂಲಿಯನ್. ಆಟ ಕೊಂಡವರು ಕೊನೆಯಲ್ಲಿ ಗೆಲ್ಲಲೇಬೇಕು. ಎಂಟು ಹೊತ್ತೂ ಮೂವತ್ತು ಜನ ಸಾಕ್ಷಿಗಳ ನಡುವೆ ನಿಂತು ಹಾಡುವವಳನ್ನು ಹಿಡಿಯುವುದು ಹೇಗೆ? ಕೇಳಿದ್ದು ಲಿನ್‌ಳನ್ನು, ಆದರೆ ನಾವೆಲ್ಲ ಕಿಟಕಿಯ ಕಡೆ ನೋಡಿದೆವು.

ಸಿಸ್ಟರ್ ಪೆಟ್ರೊನೆಲ್ಲಾ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಪಕ್ಕದಲ್ಲಿ ನಿಂತು ಹಾಡೋಳು ಯಾರು ಅಂತ ನೋಡ್ಬೇಕು," ಎಂದರು. "ನನ್ನ ಪಕ್ಕದಲ್ಲಿ ಸಿಸ್ಟರ್ ಅಗಾಥಾ ನಿಲ್ತಿದ್ರು. ನನ್ನ ಕೈ ವಾಸನೆ ಮೇಲೇನೇ ಮಧ್ಯಾಹ್ನ ಏನು ಊಟ ಅಂತ ಬೆಳಿಗ್ಗೆ ಆರಕ್ಕೇ ಕಂಡುಹಿಡೀತಿದ್ರು. ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ. ಬಾಯಿ ಮಾತ್ರ ಬಿಡ್ತಿರಲಿಲ್ಲ. ಬಾಯಿ ಬಿಡಿಸ್ಬೇಕಂದ್ರೆ ಏನಾದ್ರೂ ತಿನ್ನೋಕೆ ಕೊಡ್ಬೇಕಿತ್ತು."

ಜೂಲಿಯನ್ ಕೋಟು ಹಾಕಿಕೊಳ್ಳುವುದನ್ನು ನಿಲ್ಲಿಸಿ ಮತ್ತೆ ಕೂತ. ಲಿನ್ ಹಲಗೆಯ ಮೇಲೆ ಆಗಲೇ ವುಲ್ಫ್‌ಗಿತ್‌ಳ ಪಕ್ಕದ ಸನ್ಯಾಸಿನಿಯ ಚಿತ್ರ ಶುರುಮಾಡಿದ್ದಳು. ಮೊದಲು ಮೂಗು, ಉದ್ದ, ತುದಿಯಲ್ಲಿ ಸ್ವಲ್ಪ ಕೆಂಪು. ಅಷ್ಟೇ ಉದ್ದ ಇದ್ದರೆ ಸಾಲದು ಎಂದರು ಸಿಸ್ಟರ್.